ಅಡುಗೆಮನೆಯ ಕಪ್ಪಿರುವೆ: ಗುರುತಿಸಿ, ಗಮನಿಸಿ, ನಿಭಾಯಿಸಲು ಸಮಗ್ರ ಮಾರ್ಗದರ್ಶಿ

ಅಡುಗೆಮನೆಯಲ್ಲಿ ಇರುವೆಗಳ ಸಾಲು ಕಂಡ ಕೂಡಲೇ ಬಹುತೇಕ ಮನೆಗಳಲ್ಲಿ ಕೈ ಹೋಗುವುದು ಸ್ಪ್ರೇ ಡಬ್ಬಿಯತ್ತ, ಇಲ್ಲವೇ ಇರುವೆ ಸೀಮೆಸುಣ್ಣದತ್ತ. ಆ ಕೈಯನ್ನು ಒಂದು ವಾರ ತಡೆದುಕೊಳ್ಳಿ ಎಂದು ಕೇಳಿಕೊಳ್ಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ. ನಮ್ಮ ಮನೆಗಳೊಳಗೆ ಓಡಾಡುವ ಇರುವೆಗಳಲ್ಲೇ ನಾಲ್ಕಾರು ಜಾತಿಗಳಿವೆ. ಒಂದಕ್ಕೆ ನಾಟುವ ಉಪಾಯ ಇನ್ನೊಂದರ ಮುಂದೆ ತಿರುಗುಬಾಣವಾಗುತ್ತದೆ. ಬಂದಿರುವುದು ಯಾವ ಇರುವೆ, ಎಲ್ಲಿಂದ ಬಂದಿದೆ, ಏನನ್ನು ಹುಡುಕುತ್ತಿದೆ ಎಂಬುದು ತಿಳಿದರೆ ಉಳಿದ ಕೆಲಸ ಸುಲಭ. ಅದಕ್ಕೆ ಪ್ರಯೋಗಾಲಯ ಬೇಕಿಲ್ಲ, ಒಂದು ಬೂದುಗನ್ನಡಿ ಮತ್ತು ಸ್ವಲ್ಪ ತಾಳ್ಮೆ ಸಾಕು.

ಇಲ್ಲಿ ನಾನು ಆರಿಸಿಕೊಂಡಿರುವುದು ಒಂದೇ ಜಾತಿಯನ್ನು. ನೆಲದ ಮೇಲೆ, ಗೋಡೆಯ ಅಂಚಿನಲ್ಲಿ, ಸಿಂಕಿನ ಸುತ್ತ ಗೊತ್ತುಗುರಿಯಿಲ್ಲದಂತೆ ಅಡ್ಡಾದಿಡ್ಡಿ ಓಡುವ ಸಣ್ಣ ಕಪ್ಪಿರುವೆ ಅದು. ಕಚ್ಚುವುದಿಲ್ಲ ಎಂಬ ಹೆಸರು ಪಡೆದಿರುವ ಇರುವೆ. ವಿಜ್ಞಾನಿಗಳು ಇದನ್ನು ಪ್ಯಾರಾಟ್ರೆಕಿನಾ ಲಾಂಗಿಕಾರ್ನಿಸ್ ಎನ್ನುತ್ತಾರೆ. 1802ರಲ್ಲಿ ಫ್ರಾನ್ಸಿನ ಲಾತ್ರೇಯ್ ಇದನ್ನು ಮೊದಲು ವಿವರಿಸಿದರು. 1851ರಲ್ಲಿ ದಕ್ಷಿಣ ಭಾರತದ ಇರುವೆಗಳ ಪಟ್ಟಿ ಪ್ರಕಟಿಸಿದ ಟಿ. ಸಿ. ಜೆರ್ಡನ್ ಇದೇ ಇರುವೆಗೆ ಬೇರೊಂದು ಹೆಸರು ಕೊಟ್ಟಿದ್ದರು. ಎರಡೂ ಒಂದೇ ಎಂಬುದು ಆಮೇಲೆ ಗೊತ್ತಾಯಿತು. ಜಗತ್ತಿನಲ್ಲಿ ಅತಿ ವ್ಯಾಪಕವಾಗಿ ಹರಡಿರುವ ಇರುವೆಗಳಲ್ಲಿ ಇದೂ ಒಂದು. ಹಡಗು, ಸರಕು, ಗಿಡದ ಕುಂಡಗಳ ಜೊತೆ ಮನುಷ್ಯ ಹೋದಲ್ಲೆಲ್ಲ ಹೋಗಿದೆ. ಅಮೆರಿಕದ ಅರಿಜೋನಾದಲ್ಲಿ ಹೊರಜಗತ್ತಿನಿಂದ ಬೇರ್ಪಡಿಸಿ ಕಟ್ಟಿದ್ದ ‘ಬಯೋಸ್ಫಿಯರ್ 2’ ಎಂಬ ಬೃಹತ್ ಗಾಜಿನ ಮನೆಯೊಳಗೂ ಇದು ಸೇರಿಕೊಂಡಿತು. 1996ರಲ್ಲಿ ಅಲ್ಲಿ ಸಮೀಕ್ಷೆ ನಡೆಸಿದವರಿಗೆ ಎಲ್ಲೆಲ್ಲೂ ಕಂಡದ್ದು ಇದೇ ಇರುವೆ.

ಕೈಗೆ ಬೇಕಾದ ಸಾಮಾನು

ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಬೂದುಗನ್ನಡಿ, ಮಿಲಿಮೀಟರ್ ಗುರುತಿರುವ ಅಳತೆಪಟ್ಟಿ, ಬಿಳಿ ಕಾಗದ, ಮಕ್ಕಳು ಬಣ್ಣ ಬಳಿಯುವ ಮೆತ್ತನೆಯ ಕುಂಚ, ಮುಚ್ಚಳವಿರುವ ಪುಟ್ಟ ಗಾಜಿನ ಬಾಟಲಿ, ಟಾರ್ಚ್ ಮತ್ತು ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಮೊಬೈಲ್‌ನಲ್ಲಿ ಮ್ಯಾಕ್ರೋ ಸೌಲಭ್ಯವಿದ್ದರೆ ಬೂದುಗನ್ನಡಿ ಇಲ್ಲದೆಯೂ ಅರ್ಧ ಕೆಲಸ ನಡೆಯುತ್ತದೆ. ಆದರೆ ಕಣ್ಣಿಗೆ ಹಿಡಿದು ನೋಡುವ ಗಾಜಿನಲ್ಲಿ ಸಿಗುವ ಸ್ಪಷ್ಟತೆ ಫೋಟೊದಲ್ಲಿ ಸಿಗುವುದಿಲ್ಲ, ಅದಕ್ಕೆ ಖರ್ಚು ಮಾಡುವ ಹಣ ವ್ಯರ್ಥವಲ್ಲ.

ಹೆಜ್ಜೆ 1: ಹಿಡಿಯುವ ಮೊದಲು ನಡಿಗೆ ನೋಡಿ

ಜಾತಿ ಗುರುತಿಸುವುದೆಂದರೆ ಬಣ್ಣ ನೋಡುವುದು ಎಂದು ಹಲವರು ತಿಳಿದಿದ್ದಾರೆ. ಈ ಇರುವೆಯ ವಿಷಯದಲ್ಲಿ ಬಣ್ಣಕ್ಕಿಂತ ನಡಿಗೆಯೇ ಮೊದಲ ಸಾಕ್ಷಿ. ನೆಲಕ್ಕೆ ಹತ್ತಿರವಾಗಿ ಕುಳಿತು, ಒಂದೇ ಇರುವೆಯ ಮೇಲೆ ಕಣ್ಣಿಟ್ಟು ಒಂದು ನಿಮಿಷ ಹಿಂಬಾಲಿಸಿ. ರಭಸದಿಂದ ನಾಲ್ಕು ಬೆರಳು ದೂರ ಓಡುತ್ತದೆ, ತಟ್ಟನೆ ದಿಕ್ಕು ಬದಲಿಸುತ್ತದೆ, ಅರ್ಧ ಸುತ್ತು ಹಾಕುತ್ತದೆ, ಮತ್ತೆ ಓಡುತ್ತದೆ. ಸಾಲಿನಲ್ಲಿ ಹೋಗುವಾಗಲೂ ಗೆರೆ ಎಳೆದಂತೆ ಹೋಗುವುದಿಲ್ಲ. ಸಾಲು ಎರಡು ಮೂರು ಬೆರಳಗಲ ಚದುರಿರುತ್ತದೆ, ಒಂದೊಂದು ಇರುವೆಯೂ ಎಡಕ್ಕೆ ಬಲಕ್ಕೆ ತುಯ್ಯುತ್ತಾ ಸಾಗುತ್ತದೆ. ಸಣ್ಣ ಕೆಂಪಿರುವೆಗಳ ಸಾಲು ಹೀಗಿರುವುದಿಲ್ಲ, ಅದು ನಿಧಾನ ಮತ್ತು ಕಿರಿದು.

ಮೇಲಿಂದ ಮೆಲ್ಲಗೆ ಉಸಿರು ಊದಿ ನೋಡಿ. ಒಂದೇ ಕ್ಷಣದಲ್ಲಿ ಸಾಲು ಚೆಲ್ಲಾಪಿಲ್ಲಿಯಾಗುತ್ತದೆ, ಮತ್ತೆ ಸ್ವಲ್ಪ ಹೊತ್ತಿನಲ್ಲಿ ಕೂಡಿಕೊಳ್ಳುತ್ತದೆ. ಆದ್ದರಿಂದ ಗಮನಿಸುವಾಗ ಉಸಿರು ತಾಕದಂತೆ ಓರೆಯಾಗಿ ಕುಳಿತುಕೊಳ್ಳುವುದು ಒಳ್ಳೆಯದು.

ಹೆಜ್ಜೆ 2: ಒಂದನ್ನು ಹಿಡಿದು ಹತ್ತಿರದಿಂದ ನೋಡಿ

ಕುಂಚದ ತುದಿಯನ್ನು ತೇವ ಮಾಡಿ ಇರುವೆಯ ಬೆನ್ನಿಗೆ ಮುಟ್ಟಿಸಿದರೆ ಅಂಟಿಕೊಳ್ಳುತ್ತದೆ. ಬಾಟಲಿಗೆ ಹಾಕಿ ಮುಚ್ಚಿ, ಫ್ರಿಜ್‌ನಲ್ಲಿ ಮೂರು ನಾಲ್ಕು ನಿಮಿಷ ಇಡಿ. ಫ್ರೀಜರ್ ಬೇಡ, ಸತ್ತೇಹೋಗುತ್ತದೆ. ತಂಪಿಗೆ ಮೈ ಜಡವಾದ ಇರುವೆಯನ್ನು ಬಿಳಿ ಕಾಗದದ ಮೇಲೆ ಅಳತೆಪಟ್ಟಿಯ ಪಕ್ಕ ಇಳಿಸಿದರೆ ನೋಡಲು ಒಂದೆರಡು ನಿಮಿಷ ಸಿಗುತ್ತದೆ.

ಉದ್ದ ಎರಡೂಕಾಲು ಮಿಲಿಮೀಟರ್‌ನಿಂದ ಮೂರು ಮಿಲಿಮೀಟರ್‌ವರೆಗೆ ಇರುತ್ತದೆ. ಹತ್ತು ಇರುವೆ ಅಳೆದರೂ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಈ ಜಾತಿಯ ಕೆಲಸಗಾರ ಇರುವೆಗಳೆಲ್ಲ ಒಂದೇ ಗಾತ್ರದವು, ದೊಡ್ಡ ತಲೆಯ ‘ಸೈನಿಕ’ರು ಇವುಗಳಲ್ಲಿಲ್ಲ. ಈಗ ಬೂದುಗನ್ನಡಿಯನ್ನು ಕಣ್ಣಿಗೆ ಒತ್ತಿ ಹಿಡಿದು ಕಾಗದವನ್ನೇ ಮೇಲಕ್ಕೆತ್ತಿ ತನ್ನಿ. ಮೊದಲು ಮೀಸೆ ನೋಡಿ. ಇರುವೆಯ ಮೀಸೆ ನಡುವೆ ಮೊಣಕೈಯಂತೆ ಮಡಿಚಿರುತ್ತದೆ. ತಲೆಯಿಂದ ಆ ಮಡಿಕೆಯವರೆಗಿನ ಮೊದಲ ತುಂಡು ಈ ಜಾತಿಯಲ್ಲಿ ತಲೆಯ ಉದ್ದದ ಸುಮಾರು ಒಂದೂವರೆ ಪಟ್ಟು ಇದೆ. ಹಿಂದಕ್ಕೆ ಬಾಗಿಸಿದರೆ ತಲೆಯ ಹಿಂಬದಿಯನ್ನು ಎಷ್ಟೋ ಮೀರಿ ಚಾಚುತ್ತದೆ. ನಮ್ಮ ಮನೆಗಳ ಇಷ್ಟು ಚಿಕ್ಕ ಕಪ್ಪು ಇರುವೆಗಳಲ್ಲಿ ಇಂಥ ಮೀಸೆ ಬೇರೊಂದಕ್ಕಿಲ್ಲ. ಗುರುತಿಗೆ ಇದೊಂದೇ ಸಾಕು.

ಕಾಲುಗಳೂ ಮೈಗೆ ಹೋಲಿಸಿದರೆ ಬಲು ಉದ್ದ. ತಲೆ ಉದ್ದನೆಯದು. ಮೈಬಣ್ಣ ಕಡುಕಂದಿನಿಂದ ಕಪ್ಪಿನವರೆಗೆ. ಕಿಟಕಿಯ ಬೆಳಕಿಗೆ ಕಾಗದವನ್ನು ನಿಧಾನವಾಗಿ ತಿರುಗಿಸುತ್ತಾ ಹೋಗಿ, ಒಂದು ಕೋನದಲ್ಲಿ ಆ ಕಪ್ಪಿನ ಮೇಲೆ ತೆಳುವಾದ ನೀಲಿ ನೇರಳೆ ಹೊಳಪು ಮಿಂಚುತ್ತದೆ. ಬೆನ್ನಿನ ಮೇಲೂ ಹೊಟ್ಟೆಯ ಮೇಲೂ ಅಲ್ಲೊಂದು ಇಲ್ಲೊಂದು ಉದ್ದನೆಯ, ದಪ್ಪನೆಯ, ಬಿಳಿಚಿದ ರೋಮಗಳು ನೆಟ್ಟಗೆ ನಿಂತಿರುತ್ತವೆ. ಬರಿಗಣ್ಣಿಗೆ ಸಾಧಾರಣ ಕರಿಚುಕ್ಕೆಯಂತೆ ಕಂಡ ಜೀವಿ ಇದೇನೇ ಎಂದು ಮೊದಲ ಸಲ ನೋಡಿದವರಿಗೆ ಅನುಮಾನ ಬರುವಷ್ಟು ಚೆಂದ ಅದು.

ಎದೆಗೂ ಹೊಟ್ಟೆಗೂ ನಡುವಿನ ಸಣ್ಣ ಸೊಂಟದಲ್ಲಿ ಒಂದೇ ಗಂಟು ಇದೆ. ಕೆಂಪಿರುವೆಗಳಿಗೆ ಎರಡು ಗಂಟು. ಹೊಟ್ಟೆಯ ತುದಿಯಲ್ಲಿ ಕೊಂಡಿ ಇಲ್ಲ. ಅದರ ಬದಲು ಸುತ್ತ ರೋಮಗಳಿರುವ ಪುಟ್ಟ ದುಂಡು ರಂಧ್ರವಿದೆ. ಅಲ್ಲಿಂದ ಫಾರ್ಮಿಕ್ ಆಮ್ಲವನ್ನು ಚಿಮ್ಮಿಸಿ ಬೇರೆ ಕೀಟಗಳನ್ನು ಹಿಮ್ಮೆಟ್ಟಿಸುತ್ತದೆ. ಮನುಷ್ಯನನ್ನು ಕುಟುಕುವ ಸಾಧನವೇ ಇದಕ್ಕಿಲ್ಲ.

ಹೆಜ್ಜೆ 3: ಹೋಲುವ ಇರುವೆಗಳಿಂದ ಬೇರ್ಪಡಿಸಿ

ಸಕ್ಕರೆ, ಎಣ್ಣೆ, ಮಾಂಸ ಎಲ್ಲಕ್ಕೂ ಮುತ್ತುವ, ರಾಗಿ ಕಾಳಿಗಿಂತ ಸ್ವಲ್ಪವೇ ಉದ್ದವಿರುವ ಹಳದಿಗೆಂಪು ಇರುವೆ ಕಂಡರೆ ಅದು ಮೊನೊಮೋರಿಯಂ ಫರೋನಿಸ್, ಅಂದರೆ ಫೇರೋ ಇರುವೆ, ಆಗಿರುವ ಸಾಧ್ಯತೆ ಹೆಚ್ಚು. ಇದನ್ನು ಬೇರ್ಪಡಿಸಿಕೊಳ್ಳುವುದು ಅತ್ಯಗತ್ಯ. ಏಕೆಂದರೆ ಸ್ಪ್ರೇ ಹೊಡೆದರೆ ಇದರ ಗೂಡು ಒಡೆದು, ಒಂದೊಂದು ತುಂಡು ಒಂದೊಂದು ರಾಣಿಯನ್ನು ಕರೆದುಕೊಂಡು ಬೇರೆ ಬೇರೆ ಕಡೆ ನೆಲೆಸುತ್ತದೆ. ಒಂದಿದ್ದದ್ದು ಹಲವಾಗುತ್ತದೆ. ಆಸ್ಪತ್ರೆಗಳಲ್ಲಿ ರೋಗಾಣುಗಳನ್ನು ಹೊತ್ತು ತಿರುಗುವ ಕುಖ್ಯಾತಿಯೂ ಇದಕ್ಕೇ ಹೆಚ್ಚು.

ತಲೆ ಕಪ್ಪಾಗಿ, ಹೊಟ್ಟೆ ಮತ್ತು ಕಾಲು ಹಾಲಿನಂತೆ ಬಿಳಿಚಿಕೊಂಡಿದ್ದರೆ ಅದು ಟ್ಯಾಪಿನೋಮ ಮೆಲನೋಸೆಫಾಲಂ. ಬಿಳಿ ಟೈಲ್ಸ್ ಮೇಲೆ ಅರ್ಧ ಇರುವೆಯಷ್ಟೇ ಕಾಣುತ್ತದೆ. ಬೆರಳಿನಲ್ಲಿ ಹೊಸಕಿದರೆ ಕೆಟ್ಟ ಕೊಬ್ಬರಿಯ ವಾಸನೆ ಬರುತ್ತದೆ. ಗೊದ್ದ, ಕೆಲವು ಕಡೆ ಕಟ್ಟಿರುವೆ ಎಂದು ಕರೆಯುವ ದೊಡ್ಡ ಕಪ್ಪಿರುವೆಯ ವಿಷಯದಲ್ಲಿ ಗಾತ್ರವೇ ಗೊಂದಲ ಪರಿಹರಿಸುತ್ತದೆ. ಅಂಗಳದ ಮಣ್ಣಿನಿಂದ ಬರುವ, ಒಂದೇ ಸಾಲಿನಲ್ಲಿ ಸಣ್ಣವೂ ದೊಡ್ಡ ತಲೆಯವೂ ಬೆರೆತಿರುವ, ಕುಟುಕಿದರೆ ಬೆಂಕಿ ತಾಕಿದಂತೆ ಉರಿಯುವ ಕೆಂಪಿರುವೆ ಸೊಲೆನಾಪ್ಸಿಸ್ ಜೆಮಿನೇಟ. ಮಕ್ಕಳಿರುವ ಮನೆಯಲ್ಲಿ ಅದಕ್ಕೆ ಕೂಡಲೇ ಗಮನ ಕೊಡಬೇಕು. ಗೆದ್ದಲು ಇರುವೆಯೇ ಅಲ್ಲ. ಅದಕ್ಕೆ ಸಣ್ಣ ಸೊಂಟವಿಲ್ಲ, ಮೀಸೆ ಮಡಿಚಿಲ್ಲ.

ಹೆಜ್ಜೆ 4: ಸಾಲನ್ನು ಹಿಂಬಾಲಿಸಿ ಗೂಡು ಹುಡುಕಿ

ಸಾಲಿನಲ್ಲಿ ಎರಡು ದಿಕ್ಕಿನ ಸಂಚಾರವಿರುತ್ತದೆ. ಬರಿಗೈಯಲ್ಲಿ ಬರುವವು ಯಾವುವು, ತುಂಬಿದ ಹೊಟ್ಟೆಯಲ್ಲಿ ಹೋಗುವವು ಯಾವುವು ಎಂದು ಬೇರ್ಪಡಿಸಿ ನೋಡಿ. ಬೆಲ್ಲದ ನೀರು ಕುಡಿದ ಇರುವೆಯ ಹೊಟ್ಟೆ ಉಬ್ಬಿ, ಕಪ್ಪು ಪಟ್ಟಿಗಳ ನಡುವೆ ತಿಳಿಬಣ್ಣದ ಗೆರೆಗಳು ಕಾಣಿಸಿಕೊಳ್ಳುತ್ತವೆ. ಅಂಥ ಇರುವೆ ಹೋಗುವ ದಿಕ್ಕು ಗೂಡಿನ ದಿಕ್ಕು. ಅದನ್ನು ಬಿಡದೆ ಹಿಂಬಾಲಿಸಿ.

ಸಾಲು ಗೋಡೆಯ ಬಿರುಕು ಸೇರಿ ಮರೆಯಾದರೆ ನಿರಾಶರಾಗಬೇಡಿ. ಹೊರಗೆ ಹೋಗಿ ಅದೇ ಗೋಡೆಯ ಆಚೆ ಬದಿ ನೋಡಿ. ಈ ಜಾತಿಯ ಇರುವೆ ಗೂಡಿನಿಂದ ಬಹು ದೂರ ಮೇಯಲು ಬರುತ್ತದೆ, ಹಾಗಾಗಿ ಅಡುಗೆಮನೆಯಲ್ಲಿ ಕಂಡದ್ದು ಅಡುಗೆಮನೆಯಲ್ಲೇ ಹುಟ್ಟಿರಬೇಕೆಂದಿಲ್ಲ. ಹುಡುಕಬೇಕಾದ ಜಾಗಗಳು ಇವು: ಹೂಕುಂಡದ ತಳ, ತೆಂಗಿನ ಗರಿ ಅಥವಾ ಸೌದೆಯ ರಾಶಿ, ನೀರಿನ ಮೀಟರ್ ಗುಂಡಿ, ಸಡಿಲವಾದ ಕಲ್ಲುಚಪ್ಪಡಿಯ ಕೆಳಗೆ, ಮರದ ಪೊಟರೆ, ಬಾಗಿಲ ಚೌಕಟ್ಟಿನ ಸಂದು, ಬಹುಕಾಲದಿಂದ ಕದಲಿಸದ ರದ್ದಿ ಪೇಪರಿನ ಕಟ್ಟು. ಆಳವಾಗಿ ತೋಡಿ ಅರಮನೆ ಕಟ್ಟುವ ಇರುವೆ ಇದಲ್ಲ. ತೇವವೂ ನೆರಳೂ ಸಿಕ್ಕಿದರೆ ಯಾವ ಸಂದಿಯಾದರೂ ಸರಿ, ತೊಂದರೆಯಾದರೆ ಗಂಟುಮೂಟೆ ಕಟ್ಟಿ ಬೇರೆಡೆ ಹೊರಡುತ್ತದೆ.

ದಾರಿ ಹೇಗೆ ಗೊತ್ತಾಗುತ್ತದೆ ಎಂಬುದನ್ನು ನೀವೇ ಪರೀಕ್ಷಿಸಬಹುದು. ಓಡಾಟ ಜೋರಾಗಿರುವ ಜಾಗದಲ್ಲಿ ಸೋಪಿನ ನೀರಿನ ಬಟ್ಟೆಯಿಂದ ಅಂಗೈಯಗಲ ಒರೆಸಿ, ಒಣ ಬಟ್ಟೆಯಿಂದ ಮತ್ತೆ ಒರೆಸಿ. ನೆಲ ಒಣಗಿದ ಮೇಲೂ ಆ ಅಂಚಿಗೆ ಬಂದ ಇರುವೆಗಳು ನಿಲ್ಲುತ್ತವೆ, ಮೀಸೆ ಬಡಿಯುತ್ತವೆ, ಹಿಂದೆ ಸರಿಯುತ್ತವೆ, ಎರಡೂ ಬದಿಯಲ್ಲಿ ಗುಂಪು ಬೆಳೆಯುತ್ತದೆ. ಮುಂದೆ ಹೋದವು ದೇಹದ ಹಿಂತುದಿಯಿಂದ ನೆಲಕ್ಕೆ ಹಚ್ಚಿದ್ದ ವಾಸನೆಯ ಗುರುತು ಅಳಿಸಿಹೋಗಿದೆ. ಯಾವುದೋ ಒಂದು ಧೈರ್ಯ ಮಾಡಿ ದಾಟುತ್ತದೆ, ಅದರ ಹಿಂದೆ ಇನ್ನೊಂದು, ಸ್ವಲ್ಪ ಹೊತ್ತಿಗೆ ದಾರಿ ಮತ್ತೆ ಕೂಡುತ್ತದೆ. ಬರೀ ನೀರಿನಲ್ಲಿ ಒರೆಸುವುದಕ್ಕೂ ಸೋಪಿನಲ್ಲಿ ಒರೆಸುವುದಕ್ಕೂ ಇರುವ ವ್ಯತ್ಯಾಸವನ್ನು ಹೋಲಿಸಿ ನೋಡಿ. ಮುಂದೆ ನಿಭಾಯಿಸುವಾಗ ಇದು ನೆರವಿಗೆ ಬರುತ್ತದೆ.

ಹೆಜ್ಜೆ 5: ಊಟ ಬಡಿಸಿ, ರುಚಿ ತಿಳಿಯಿರಿ

ಬಾಟಲಿಯ ಮೂರು ಮುಚ್ಚಳ ತೆಗೆದುಕೊಳ್ಳಿ. ಒಂದರಲ್ಲಿ ಬೆಲ್ಲದ ನೀರಿನಲ್ಲಿ ನೆನೆಸಿದ ಹತ್ತಿ, ಇನ್ನೊಂದರಲ್ಲಿ ಕೊಬ್ಬರಿ ತುರಿ, ಮೂರನೆಯದರಲ್ಲಿ ಬೆಂದ ಮೊಟ್ಟೆಯ ಹಳದಿ ಭಾಗ ಅಥವಾ ಸತ್ತ ನೊಣ ಇಡಿ. ಸಾಲಿನಿಂದ ಗೇಣುದ್ದ ದೂರದಲ್ಲಿ ಬಿಳಿ ಕಾಗದದ ಮೇಲೆ ಮೂರನ್ನೂ ಸಾಲಾಗಿ ಇರಿಸಿ, ಹತ್ತು ನಿಮಿಷಕ್ಕೆ, ಅರ್ಧ ಗಂಟೆಗೆ, ಒಂದು ಗಂಟೆಗೆ ಎಷ್ಟೆಷ್ಟು ಇರುವೆ ಸೇರಿವೆ ಎಂದು ಎಣಿಸಿ ಬರೆದಿಡಿ. ಹೊಸ ಆಹಾರವನ್ನು ಕಂಡುಹಿಡಿಯುವುದರಲ್ಲಿ ಈ ಇರುವೆ ಎಲ್ಲರಿಗಿಂತ ಮುಂದು. ಮೊದಲ ಬೇಹುಗಾರ ತಲುಪಿದ ಮೇಲೆ ಗುಂಪು ಸೇರಲು ಹೆಚ್ಚು ಸಮಯ ಹಿಡಿಯುವುದಿಲ್ಲ.

ಇದೇ ಪರೀಕ್ಷೆಯನ್ನು ಬೇರೆ ಬೇರೆ ಕಾಲದಲ್ಲಿ ಮಾಡಿದರೆ ಫಲ ಬದಲಾಗುತ್ತದೆ. ದೊಡ್ಡ ಇರುವೆಗಳಿಗೆ ಓಡಾಡುವ ಶಕ್ತಿಗೆ ಸಿಹಿ ಬೇಕು. ಬೆಳೆಯುವ ಮರಿಹುಳುಗಳಿಗೆ ಮಾಂಸಾಹಾರ ಬೇಕು. ಗೂಡಿನಲ್ಲಿ ಮರಿಗಳು ತುಂಬಿರುವಾಗ ಸಿಹಿಯನ್ನು ಮೂಸಿಯೂ ನೋಡದೆ ಸತ್ತ ಹುಳುವಿನತ್ತ ಹೋಗುವುದುಂಟು. ಈ ಜಾತಿ ಬೇಸಿಗೆಯಲ್ಲಿ ಸಿಹಿಯನ್ನು ನಿರಾಕರಿಸಬಹುದೆಂದು ಕೀಟಶಾಸ್ತ್ರಜ್ಞರು ಹಿಂದೆಯೇ ದಾಖಲಿಸಿದ್ದಾರೆ. ಇರುವೆಗೆ ಮದ್ದು ಇಟ್ಟು ಕೆಲಸ ಮಾಡಲಿಲ್ಲ ಎಂದು ದೂರುವವರಲ್ಲಿ ಎಷ್ಟೋ ಮಂದಿ ಮದ್ದು ಬೆರೆಸಿದ ತಿನಿಸನ್ನು ಬದಲಿಸಿ ನೋಡಿರುವುದಿಲ್ಲ.

ಮನೆಯ ಗಿಡಗಳನ್ನೂ ಮರೆಯಬೇಡಿ. ದಾಸವಾಳದ ಎಳೆ ಚಿಗುರಿನಲ್ಲಿ ಬಿಳಿ ಹಿಟ್ಟು ಮೆತ್ತಿದಂತೆ ಕಾಣುವುದು ಹಿಟ್ಟು ತಿಗಣೆ. ಅದು ಗಿಡದ ರಸ ಹೀರಿ ಸಿಹಿಯಾದ ದ್ರವವನ್ನು ಹೊರಹಾಕುತ್ತದೆ. ಕಪ್ಪಿರುವೆಗೆ ಅದು ಬತ್ತದ ಸಿಹಿಯ ಊಟೆ. ತಿಗಣೆಯನ್ನು ತಿನ್ನಲು ಬರುವ ಕೀಟಗಳನ್ನು ಇರುವೆ ಓಡಿಸುವುದರಿಂದ ತಿಗಣೆಯೂ ಹೆಚ್ಚುತ್ತದೆ. ಬಾಲ್ಕನಿಯ ಕುಂಡದಲ್ಲಿ ಇಂಥ ಕೊಡುಕೊಳ್ಳುವಿಕೆ ನಡೆಯುತ್ತಿದ್ದರೆ ಅಡುಗೆಮನೆಯನ್ನು ಎಷ್ಟು ಒರೆಸಿದರೂ ಇರುವೆ ನಿಲ್ಲುವುದಿಲ್ಲ.

ಹೆಜ್ಜೆ 6: ಹೊರೆ ಹೊರುವುದನ್ನು ನೋಡಿ

ಈ ಇರುವೆಯ ನಿಜವಾದ ಪ್ರತಿಭೆ ಇಲ್ಲಿದೆ. ಇದಕ್ಕಾಗಿಯೇ ಬಿಡುವು ಮಾಡಿಕೊಳ್ಳಿ ಎನ್ನುತ್ತೇನೆ.

ಸತ್ತ ಜಿರಲೆಯ ಒಂದು ಕಾಲನ್ನೋ ದೀಪಕ್ಕೆ ಬಂದು ಬಿದ್ದ ಪತಂಗವನ್ನೋ ಸಾಲಿನ ಪಕ್ಕ ಇಡಿ. ಮೊದಲು ಬಂದ ಇರುವೆ ಎಳೆದು ನೋಡುತ್ತದೆ, ಕದಲುವುದಿಲ್ಲ, ಓಡಿಹೋಗುತ್ತದೆ. ಸ್ವಲ್ಪ ಹೊತ್ತಿನಲ್ಲಿ ಸುತ್ತ ಹತ್ತು ಹದಿನೈದು ಇರುವೆಗಳು ಕಚ್ಚಿ ಹಿಡಿದಿರುತ್ತವೆ. ಗೂಡಿನ ಕಡೆ ಇರುವವು ಹಿಂದಕ್ಕೆ ನಡೆಯುತ್ತಾ ಎಳೆಯುತ್ತವೆ. ಆಚೆ ಬದಿಯವು ಹೊರೆಯನ್ನು ಎತ್ತಿ ಹಿಡಿದು ಉಜ್ಜಾಟ ಕಡಿಮೆ ಮಾಡುತ್ತವೆ. ಜಿರಲೆಯ ಕಾಲು ನೆಲದಿಂದ ಕೂದಲೆಳೆಯಷ್ಟು ಮೇಲೆದ್ದು, ತೇಲಿದಂತೆ ಸಾಗಲು ತೊಡಗುತ್ತದೆ. ಹೊಸ್ತಿಲಿಗೆ ತಾಗಿ ನಿಂತುಹೋಯಿತು ಎನ್ನಿ. ಒಂದಷ್ಟು ಹೊತ್ತು ಅಲ್ಲೇ ಗುದ್ದಾಟ. ಆಗ ಹೊರಗಿನಿಂದ ಓಡಿಬಂದ ಇರುವೆಯೊಂದು ಸಂದಿಯಲ್ಲಿ ಜಾಗ ಮಾಡಿಕೊಂಡು ಕಚ್ಚಿ ಹಿಡಿಯುತ್ತದೆ. ಇಡೀ ಹೊರೆ ಗರ್ರನೆ ತಿರುಗಿ ಹೊಸ್ತಿಲಿನುದ್ದಕ್ಕೂ ಹೊರಡುತ್ತದೆ.

ಇಸ್ರೇಲಿನ ವೈಜ್‌ಮನ್ ಸಂಸ್ಥೆಯಲ್ಲಿ ಓಫರ್ ಫೈನರ್ಮನ್ ಅವರ ತಂಡ ಇದೇ ಜಾತಿಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. 2015ರಲ್ಲಿ ಅವರು ಪ್ರಕಟಿಸಿದ ಅಧ್ಯಯನ ನೀವು ಈಗ ಕಂಡದ್ದನ್ನೇ ವಿವರಿಸುತ್ತದೆ: ಹೊರೆ ಹಿಡಿದವುಗಳಿಗೆ ದಿಕ್ಕು ಅಷ್ಟಾಗಿ ತಿಳಿಯುವುದಿಲ್ಲ. ಹೊಸದಾಗಿ ಬಂದು ಸೇರಿದ ಇರುವೆಗೆ ಗೂಡಿನ ದಿಕ್ಕು ಗೊತ್ತಿರುತ್ತದೆ. ಸ್ವಲ್ಪ ಹೊತ್ತು ಅದು ಚುಕ್ಕಾಣಿ ಹಿಡಿಯುತ್ತದೆ, ಉಳಿದವು ಎಳೆತದ ಬಲವನ್ನು ಗ್ರಹಿಸಿ ಅನುಸರಿಸುತ್ತವೆ. ಆಮೇಲೆ ಅದೂ ಗುಂಪಿನಲ್ಲಿ ಒಂದಾಗುತ್ತದೆ, ಮತ್ತೊಂದು ಹೊಸ ಇರುವೆ ಬರುತ್ತದೆ. ಖಾಯಂ ನಾಯಕ ಯಾರೂ ಇಲ್ಲ. ಇದೇ ತಂಡ ಮುಂದೆ ಇಂಗ್ಲಿಷಿನ ಟಿ ಅಕ್ಷರದ ಆಕಾರದ ಹೊರೆಯನ್ನು ಕಿರಿದಾದ ಸಂದುಗಳ ಮೂಲಕ ಸಾಗಿಸುವ ಒಗಟನ್ನು ಇರುವೆಗಳಿಗೂ, ಅದೇ ಪ್ರಮಾಣದಲ್ಲಿ ಹಿಗ್ಗಿಸಿ ಮನುಷ್ಯರಿಗೂ ಒಡ್ಡಿತು. ಒಂಟಿ ಇರುವೆಗಿಂತ ಗುಂಪು ಬಹಳ ಚೆನ್ನಾಗಿ ಬಿಡಿಸಿತು. ಮನುಷ್ಯರಲ್ಲಿ, ಮಾತು ಸನ್ನೆಗಳಿಗೆ ಅವಕಾಶವಿಲ್ಲದಾಗ, ಗುಂಪು ಸೇರಿದ್ದರಿಂದ ಅಂಥ ಲಾಭವಾಗಲಿಲ್ಲ.

ನಿಮ್ಮ ಮನೆಯಲ್ಲಿ ಮಕ್ಕಳಿದ್ದರೆ ಈ ಹೆಜ್ಜೆಯನ್ನು ಅವರಿಗೇ ಬಿಡಿ. ತಡೆಯಾಗಿ ಒಂದು ಪೆನ್ಸಿಲ್ ಇಟ್ಟು, ಎಷ್ಟು ಹೊತ್ತಿನಲ್ಲಿ ದಾಟುತ್ತವೆ ಎಂದು ಬರೆದುಕೊಳ್ಳಲಿ.

ಹೆಜ್ಜೆ 7: ಗೂಡಿನ ಸಂಸಾರ

ಗೂಡು ಸಿಕ್ಕಿದರೆ, ಕುಂಡವನ್ನು ಎತ್ತಿ ಒಂದು ಕ್ಷಣ ನೋಡಿ ಮತ್ತೆ ಇಳಿಸಿ. ಬಿಳಿಯ ಕಾಳುಗಳನ್ನು ಬಾಯಲ್ಲಿ ಹಿಡಿದು ಓಡುವ ಇರುವೆಗಳು ಕಾಣುತ್ತವೆ. ಅವನ್ನು ಮೊಟ್ಟೆ ಎನ್ನುವುದು ರೂಢಿ. ಕಣ್ಣಿಗೆ ಕಾಣುವಷ್ಟು ದೊಡ್ಡವು ಮರಿಹುಳುಗಳು ಮತ್ತು ಪ್ಯೂಪಾಗಳು. ನಿಜವಾದ ಮೊಟ್ಟೆಗಳು ಇನ್ನೂ ಸೂಕ್ಷ್ಮ.

ಈ ಜಾತಿಯ ಒಂದು ಗೂಡಿನಲ್ಲಿ ರಾಣಿ ಒಬ್ಬಳಲ್ಲ, ಹಲವರು. ಮಳೆಗಾಲದಲ್ಲಿ ದೀಪಕ್ಕೆ ಮುತ್ತುವ ರೆಕ್ಕೆಯ ಹುಳುಗಳ ಹಾಗೆ ಇವು ಆಕಾಶಕ್ಕೆ ಹಾರಿ ಕೂಡುವುದಿಲ್ಲ. ಸೆಕೆಯ, ತೇವದ ಸಂಜೆ ಗಂಡಿರುವೆಗಳು ಗೂಡಿನ ಬಾಯಲ್ಲಿ ನೆರೆದು ಸಡಗರದಿಂದ ಓಡಾಡುತ್ತವೆ, ರಾಣಿಯರು ಆಗಾಗ ಹೊರಬಂದು ಒಳಗೆ ಹೋಗುತ್ತಾರೆ. ಗೂಡಿನೊಳಗೇ ಅಣ್ಣತಂಗಿಯರ ನಡುವೆ ಕೂಡಿಕೆ ನಡೆಯುತ್ತದೆ. ಬೇರೆ ಪ್ರಾಣಿಗಳಲ್ಲಾದರೆ ಇದರಿಂದ ಸಂತತಿ ದುರ್ಬಲವಾಗಬೇಕಿತ್ತು. 2011ರಲ್ಲಿ ಪ್ರಕಟವಾದ ಸಂಶೋಧನೆ ಇದರ ಗುಟ್ಟನ್ನು ಬಿಡಿಸಿತು. ಹೊಸ ರಾಣಿಯರು ತಾಯಿಯ ತದ್ರೂಪಿ ಪ್ರತಿಗಳು, ಗಂಡುಗಳು ತಂದೆಯ ತದ್ರೂಪಿ ಪ್ರತಿಗಳು. ತಾಯಿ ತಂದೆ ಇಬ್ಬರ ಅಂಶವೂ ಸೇರುವುದು ಕೆಲಸಗಾರ ಇರುವೆಗಳಲ್ಲಿ ಮಾತ್ರ. ರಾಣಿಯ ವಂಶವೂ ಗಂಡಿನ ವಂಶವೂ ಬೆರೆಯದೆ ಬೇರೆ ಬೇರೆಯಾಗಿಯೇ ಹರಿದುಬರುತ್ತವೆ, ಆದ್ದರಿಂದ ಒಂದೇ ಗೂಡಿನಲ್ಲಿ ಹುಟ್ಟಿದವು ಕೂಡಿದರೂ ರಕ್ತಸಂಬಂಧದ ದೋಷ ತಟ್ಟುವುದಿಲ್ಲ. ಒಬ್ಬ ರಾಣಿ ಒಂದಿಷ್ಟು ಪರಿವಾರದೊಂದಿಗೆ ಕುಂಡದಲ್ಲಿ ಕುಳಿತು ಸಮುದ್ರ ದಾಟಿದರೂ ಸಂಸಾರ ಬೆಳೆಯುತ್ತದೆ. ಜಗತ್ತಿನ ತುಂಬ ಇದು ಹರಡಿದ್ದರ ಹಿಂದೆ ಈ ಗುಟ್ಟೂ ಇದೆ.

ಅದೃಷ್ಟವಿದ್ದರೆ ಇರುವೆಗಳ ನಡುವೆ ರೆಕ್ಕೆಯಿಲ್ಲದ, ದುಂಡುಬೆನ್ನಿನ ಪುಟ್ಟ ಮಿಡತೆಯಂಥ ಜೀವಿ ಕಂಡೀತು. ಅದು ಮಿರ್ಮೆಕೊಫೈಲಸ್ ಅಮೆರಿಕಾನಸ್ ಎಂಬ ಕೀಟ. ಕಪ್ಪಿರುವೆಯ ಗೂಡನ್ನೇ ಮನೆ ಮಾಡಿಕೊಂಡು, ಅದರ ಜೊತೆಗೇ ದೇಶ ದೇಶ ಸುತ್ತಿದೆ.

ಹೆಜ್ಜೆ 8: ವಿವರಣೆ ಬರೆದಿಡಿ

ಮೇಲಿನದನ್ನೆಲ್ಲ ಒಂದೇ ಪುಟದಲ್ಲಿ ಬರೆಯಿರಿ. ದಿನಾಂಕ, ಸಮಯ, ಊರು, ಮನೆಯ ಯಾವ ಭಾಗ, ಮಳೆಯೋ ಬಿಸಿಲೋ ಎಂಬುದರಿಂದ ಆರಂಭಿಸಿ, ಕಂಡದ್ದನ್ನು ಊಹೆ ಬೆರೆಸದೆ ದಾಖಲಿಸಿ. ಉದಾಹರಣೆಗೆ: ‘ಜೂನ್, ಸಂಜೆ, ಮಳೆ ನಿಂತ ಮೇಲೆ. ಸಿಂಕಿನ ಹಿಂದಿನ ಗೋಡೆ. ಉದ್ದ ಎರಡೂವರೆ ಮಿ.ಮೀ., ಎಲ್ಲವೂ ಒಂದೇ ಗಾತ್ರ. ಕಪ್ಪು, ನೀಲಿ ಹೊಳಪು. ಮೀಸೆಯ ಮೊದಲ ತುಂಡು ತಲೆಗಿಂತ ಉದ್ದ. ಚದುರಿದ ಸಾಲು, ಕಿಟಕಿಯ ಕೆಳಗಿನ ಬಿರುಕಿನಿಂದ. ಬೆಲ್ಲಕ್ಕಿಂತ ನೊಣಕ್ಕೆ ಹೆಚ್ಚು ಇರುವೆ.’ ‘ಸಿಟ್ಟಿನಿಂದ ಓಡಿದವು’ ಎನ್ನುವ ಬದಲು ‘ಉಸಿರು ತಾಕಿದಾಗ ಚದುರಿದವು’ ಎಂದು ಬರೆದರೆ ಓದುವವರಿಗೆ ಉಪಯೋಗ. ಮೇಲಿನಿಂದ, ಪಕ್ಕದಿಂದ, ಮುಖದ ನೇರಕ್ಕೆ ಮೂರು ಫೋಟೊ ಸೇರಿಸಿ ಐನ್ಯಾಚುರಲಿಸ್ಟ್ ತಾಣಕ್ಕೆ ಹಾಕಿದರೆ ತಿಳಿದವರು ಗುರುತನ್ನು ಖಚಿತಪಡಿಸುತ್ತಾರೆ.

ಹೆಜ್ಜೆ 9: ಅರಿತ ಮೇಲೆ ನಿಭಾಯಿಸುವುದು

ಸ್ಪ್ರೇ ಏಕೆ ಬೇಡ ಎನ್ನುತ್ತೇನೆಂದರೆ, ಹೊರಗೆ ಓಡಾಡುವವು ಗೂಡಿನ ಒಂದು ಪಾಲು ಮಾತ್ರ. ಅವುಗಳನ್ನು ಕೊಂದರೆ ಹಲವು ರಾಣಿಯರಿರುವ ಗೂಡು ಆ ಸ್ಥಾನವನ್ನು ಬೇಗನೆ ತುಂಬುತ್ತದೆ. ಇತ್ತ ನಾವು ತಿನ್ನುವ ಪಾತ್ರೆಪಡಗಗಳ ನಡುವೆ ವಿಷ ಉಳಿಯುತ್ತದೆ. ಒಂದು ಕಾಲದಲ್ಲಿ ಮನೆಮನೆಯಲ್ಲೂ ಎರಚುತ್ತಿದ್ದ ಗಮಾಕ್ಸಿನ್ ಪುಡಿ, ಅಂದರೆ ಬಿಎಚ್‌ಸಿ, ಭಾರತದಲ್ಲಿ 1997ರಿಂದ ನಿಷೇಧಕ್ಕೊಳಗಾಗಿದೆ. ಹಳೆಯ ಡಬ್ಬಿ ಅಟ್ಟದಲ್ಲಿ ಸಿಕ್ಕಿದರೆ ದಯವಿಟ್ಟು ಬಳಸಬೇಡಿ.

ಮೊದಲು ಊಟ ನಿಲ್ಲಿಸಿ. ಬೆಲ್ಲ, ಸಕ್ಕರೆ, ಜೇನು, ಹಸಿ ಕೊಬ್ಬರಿಯನ್ನು ತಿರುಪು ಮುಚ್ಚಳದ ಡಬ್ಬಿಗೆ ಹಾಕಿ, ಡಬ್ಬಿಯ ಹೊರಮೈಯನ್ನೂ ಒರೆಸಿ. ರಾತ್ರಿ ಎಂಜಲು ಪಾತ್ರೆ ಸಿಂಕಿನಲ್ಲಿ ಬಿಡಬೇಡಿ. ಗ್ಯಾಸ್ ಒಲೆಯ ಅಡಿ, ಮಿಕ್ಸಿಯ ತಳ, ಕಸದ ಬುಟ್ಟಿಯ ಕೆಳಗೆ ಅಂಟಿದ ಜಿಗುಟನ್ನು ತೆಗೆಯಿರಿ. ಸತ್ತ ಜಿರಲೆ, ಪತಂಗಗಳನ್ನು ಗುಡಿಸಿ. ಆಮೇಲೆ ಸಾಲು ಇದ್ದ ಉದ್ದಕ್ಕೂ ಸೋಪಿನ ನೀರಿನಿಂದ ಒರೆಸಿ. ಸಕ್ಕರೆಗೆ ಇರುವೆ ಹತ್ತಿದ್ದರೆ ಅಗಲವಾದ ತಟ್ಟೆಯಲ್ಲಿ ಹರಡಿ ಬಿಸಿಲಿಗಿಟ್ಟರೆ ತಾವೇ ಜಾಗ ಖಾಲಿ ಮಾಡುತ್ತವೆ.

ತಿಂಡಿಯ ಪಾತ್ರೆಯನ್ನು ನೀರಿನ ತಟ್ಟೆಯ ನಡುವೆ ಇಡುವ ಅಜ್ಜಿಯರ ಉಪಾಯಕ್ಕೆ ಇಂದಿಗೂ ಸಾಟಿಯಿಲ್ಲ. ಆದರೆ ಎರಡು ದಿನ ಬಿಟ್ಟ ನೀರಿನ ಮೇಲೆ ಧೂಳಿನ ಪೊರೆ ಕಟ್ಟಿ ಹಗುರವಾದ ಈ ಇರುವೆಗೆ ಅದೇ ಸೇತುವೆಯಾಗುತ್ತದೆ. ದಿನವೂ ನೀರು ಬದಲಿಸಿ, ಪಾತ್ರೆ ತೊಳೆಯುವ ದ್ರವದ ಒಂದು ಹನಿ ಬೆರೆಸಿ. ಆಗ ನೀರಿನ ಮೇಲ್ಮೈ ಅವುಗಳ ಭಾರ ತಾಳುವುದಿಲ್ಲ. ಅರಿಶಿನ, ಲವಂಗಗಳು ಸಾಲನ್ನು ಸ್ವಲ್ಪ ಕಾಲ ಬೇರೆಡೆಗೆ ತಿರುಗಿಸುತ್ತವೆ, ಗೂಡಿಗೆ ಏನೂ ಮಾಡುವುದಿಲ್ಲ.

ದಾರಿ ಮುಚ್ಚುವುದು ಮುಂದಿನ ಕೆಲಸ. ನಾಲ್ಕನೆಯ ಹೆಜ್ಜೆಯಲ್ಲಿ ಕಂಡ ಬಿರುಕುಗಳಿಗೆ ಬಿಳಿ ಸಿಮೆಂಟ್, ಕಿಟಕಿ ಚೌಕಟ್ಟಿನ ಸಂದಿಗೆ ಸಿಲಿಕೋನ್ ತುಂಬಿ. ಗೋಡೆಗೆ ತಾಗುವ ಕೊಂಬೆ ಕತ್ತರಿಸಿ. ಹಿಟ್ಟು ತಿಗಣೆ ಇರುವ ಗಿಡಕ್ಕೆ ಸೋಪಿನ ನೀರು ಅಥವಾ ಬೇವಿನ ಎಣ್ಣೆಯ ದ್ರಾವಣವನ್ನು ವಾರಕ್ಕೊಮ್ಮೆ ಎಲೆಯಡಿಗೆ ಸಿಂಪಡಿಸಿ.

ಇಷ್ಟಾದರೂ ಹಾವಳಿ ನಿಲ್ಲದಿದ್ದರೆ ಮಾತ್ರ ಮದ್ದು. 100 ಮಿಲಿಲೀಟರ್ ಬೆಚ್ಚಗಿನ ನೀರಿಗೆ 10 ಗ್ರಾಂ ಸಕ್ಕರೆ, 1 ಗ್ರಾಂ ಬೋರಿಕ್ ಆಮ್ಲದ ಪುಡಿ ಹಾಕಿ ಪೂರ್ತಿ ಕರಗಿಸಿ. ಬೋರಿಕ್ ಆಮ್ಲವನ್ನು ಕಣ್ಣಳತೆಯಲ್ಲಿ ಹಾಕಬೇಡಿ, ತೂಗಿ ಹಾಕಿ. ಹೆಚ್ಚಾದರೆ ಇರುವೆ ದೂರ ಸರಿಯುತ್ತದೆ, ಇಲ್ಲವೇ ಗೂಡು ಮುಟ್ಟುವ ಮೊದಲೇ ಸಾಯುತ್ತದೆ. ನಮಗೆ ಬೇಕಿರುವುದು ಅದು ನಿಧಾನವಾಗಿ ಒಳಗೆ ಹಂಚಿಕೆಯಾಗುವುದು. ಈ ನೀರಿನಲ್ಲಿ ನೆನೆಸಿದ ಹತ್ತಿಯನ್ನು ಸಾಲಿನ ಪಕ್ಕ ಇಟ್ಟು, ಎರಡು ಮೂರು ದಿನಕ್ಕೊಮ್ಮೆ ಹೊಸದು ಹಾಕಿ. ಮೊದಲು ಮುತ್ತಿಗೆ ಹೆಚ್ಚಾದಂತೆ ಕಾಣುತ್ತದೆ, ಆಗ ಒರೆಸಲೂ ಬೇಡಿ, ಸ್ಪ್ರೇ ಹೊಡೆಯಲೂ ಬೇಡಿ. ಎರಡು ಮೂರು ವಾರ ಕಾಯಬೇಕು. ಸಿಹಿಯನ್ನು ಮುಟ್ಟದಿದ್ದರೆ ಅದೇ ಪ್ರಮಾಣದ ಬೋರಿಕ್ ಆಮ್ಲವನ್ನು ಬೆಂದ ಮೊಟ್ಟೆಯ ಹಳದಿಗೆ ಕಲಸಿ ಇಡಿ: 100 ಗ್ರಾಂಗೆ 1 ಗ್ರಾಂ. ಈ ಜಾತಿ ಮದ್ದಿಗೆ ಸುಲಭವಾಗಿ ಬಗ್ಗುವುದಿಲ್ಲ, ಹಾಗಾಗಿ ಗೂಡು ಹುಡುಕುವುದನ್ನು ಬಿಡಬೇಡಿ. ಬೋರಿಕ್ ಆಮ್ಲ ಮಕ್ಕಳಿಗೂ ಸಾಕುಪ್ರಾಣಿಗಳಿಗೂ ಅಪಾಯಕಾರಿ. ಬಾಟಲಿಗೆ ‘ವಿಷ’ ಎಂದು ಚೀಟಿ ಅಂಟಿಸಿ, ಕೈಗೆಟುಕದ ಜಾಗದಲ್ಲಿಡಿ, ಹತ್ತಿಯನ್ನು ತೂತಿರುವ ಮುಚ್ಚಿದ ಡಬ್ಬಿಯೊಳಗಿಡಿ.

ಸಾಲು ಸ್ವಿಚ್ ಬೋರ್ಡಿನೊಳಗೆ ಹೋಗುತ್ತಿದ್ದರೆ ಯಾವ ದ್ರವವನ್ನೂ ಅಲ್ಲಿಗೆ ಹಾಕಬೇಡಿ. ಮೇನ್ ಆಫ್ ಮಾಡಿ ಎಲೆಕ್ಟ್ರಿಷಿಯನ್‌ನಿಂದ ತೆರೆಸಿ, ಒಣ ಕುಂಚದಿಂದ ಗುಡಿಸಿಸಿ.

ಮಳೆ ಹಿಡಿದಾಗ ಹೊರಗಿನ ಗೂಡಿಗೆ ನೀರು ನುಗ್ಗಿ, ಇಡೀ ಸಂಸಾರ ಮರಿಗಳನ್ನು ಹೊತ್ತು ಒಳಗೆ ಬರುವುದುಂಟು. ಮಡಿಸಿಟ್ಟ ಚೀಲದಲ್ಲೋ, ಚಪ್ಪಲಿ ಗೂಡಿನಲ್ಲೋ, ಕುಂಡದಲ್ಲೋ ಬೀಡು ಬಿಡುತ್ತವೆ. ಆ ವಸ್ತುವನ್ನು ಹಾಗೆಯೇ ಎತ್ತಿ, ಮಳೆ ಬೀಳದ ಸೂರಿನಡಿ, ಮನೆಯಿಂದ ದೂರ ಇಡಿ. ಪಕ್ಕದಲ್ಲಿ ಒದ್ದೆ ಗೋಣಿಚೀಲದ ಮೇಲೊಂದು ಹಳೆಯ ಹೆಂಚು ಮಗುಚಿ ಹಾಕಿ. ನಿಮ್ಮ ವಸ್ತುವನ್ನು ಆಗಾಗ ಮೆಲ್ಲಗೆ ತಟ್ಟುತ್ತಿದ್ದರೆ ಇರುವೆಗಳು ಮರಿಗಳನ್ನು ಎತ್ತಿಕೊಂಡು ಹೆಂಚಿನ ಕೆಳಗಿನ ನೆರಳಿಗೆ ಸಾಗಿಸತೊಡಗುತ್ತವೆ. ಕೊನೆಯ ಬಿಳಿ ಕಾಳು ಹೋಗುವವರೆಗೆ ಬಿಟ್ಟು, ಆಮೇಲೆ ವಸ್ತುವನ್ನು ಕೊಡವಿ, ಸೋಪಿನ ಬಟ್ಟೆಯಿಂದ ಒರೆಸಿ ಒಳಗೆ ತನ್ನಿ.